ಮಲಗಿದವರನ್ನು ಅಳೆಯಬಾರದು

ಊರಿಗೆಲ್ಲ ದೋಣಿ ಮಾಡಿಕೊಟ್ಟ ಸುಧಾಕರನ ಸ್ವಂತ ಮನೆಯಲ್ಲಿ ನೆಟ್ಟಗೆ ಕೂರಲು ಒಂದು ಮಣೆ ಇರಲಿಲ್ಲ. ಇದ್ದ ಒಂದು ಸ್ಟೂಲಿನ ಕಾಲು ಮುರಿದು ಎಷ್ಟೋ ಮಳೆಗಾಲ ಕಳೆದಿತ್ತು. ತಾಯಿ ಗಂಗೆ ಅದರ ಮಾತೆತ್ತಿದರೆ ಅವನು "ನಾಳೆ ಮಾಡ್ತೆ ಅಮ್ಮ" ಎನ್ನುವುದು, ಅವಳು "ನಿನ್ನ ನಾಳೆಗೆ ಮದಿ ಆಗಿ ಮೊಮ್ಮಕ್ಕಳಾದ್ವು" ಎನ್ನುವುದು, ಅಲ್ಲಿಗೆ ಮುಗಿಯಿತು. ಅಂಥ ಮನುಷ್ಯನಿಗೆ ಊರು ಬಿಡುವುದು ಗಟ್ಟಿಯಾದದ್ದೇ ತಡ, ಉಳಿ-ಸುತ್ತಿಗೆಯ ಹುಚ್ಚು ಹಿಡಿಯಿತು.

ಊರು ಬಿಡುವುದು ಅವನ ಹೆಂಡತಿ ದೀಪಿಕಾಳ ಕೆಲಸದ ಸಲುವಾಗಿ. ಹೊನ್ನಾವರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಕೇಂದ್ರ ಸರ್ಕಾರದ ಪರೀಕ್ಷೆಯನ್ನು ಬರೆದೂ ಬರೆದೂ ಕಡೆಗೆ ಪಾಸಾದಳು. ಸಿಕ್ಕಿದ್ದು ಎಲ್ಲಿ? ಜೋಧಪುರದಲ್ಲಿ. ಮರಳು ಇಲ್ಲೂ ಇದೆ, ಅಲ್ಲೂ ಇದೆ, ಸಮುದ್ರ ಮಾತ್ರ ಇಲ್ಲಿಯೇ ಉಳಿಯಿತು ಎಂದು ಬಂದರಿನವರು ನಕ್ಕರು. ಸುಧಾಕರ ನಗಲೂ ಇಲ್ಲ, ಅಳಲೂ ಇಲ್ಲ. ಫೈಬರ್ ದೋಣಿ ಬಂದ ಮೇಲೆ ಅವನ ಕೈಗೆ ಹೊಸ ಮರದ ದೋಣಿ ಸಿಗದೆ, ತೇಪೆ ಹಾಕುವ ಕೆಲಸವೇ ಗತಿಯಾಗಿತ್ತು. ಜೋಧಪುರದಲ್ಲಿ ಮರದ ಸಾಮಾನು ಮಾಡುವ ಕಾರ್ಖಾನೆಗಳು ಬೇಕಾದಷ್ಟಿವೆ ಎಂದು ಯಾರೋ ಹೇಳಿದ್ದು ಅವನಿಗೆ ಸಾಕಾಯಿತು. ಮಗಳು ಧನ್ಯಶ್ರೀಯ ಆರನೇ ತರಗತಿಯ ಪರೀಕ್ಷೆ ಮುಗಿದ ಕೂಡಲೇ ಹೊರಡುವುದೆಂದು ಮಾತಾಯಿತು.

ಲಾರಿಯಲ್ಲಿ ಸಾಮಾನು ಸಾಗಿಸುವ ಬಾಡಿಗೆಗೆ ಹೊಸ ಸಾಮಾನೇ ಬರುತ್ತದೆ ಎಂದು ಗೊತ್ತಾದ ಮೇಲೆ ರೈಲಿನಲ್ಲಿ ಹಿಡಿಸುವಷ್ಟೇ ಒಯ್ಯುವುದು ಎಂದು ದೀಪಿಕಾ ಹೇಳಿದಳು. ಹೇಳಿದ್ದೇ ತಪ್ಪಾಯಿತು. "ಹಿಡಿಸೂ ಹಂಗೆ ಮಾಡಿದ್ರೆ ಎಲ್ಲಾ ಹಿಡೀತದೆ" ಎಂದ ಸುಧಾಕರ, ಒಡೆದ ಹಳೆಯ ದೋಣಿಯ ಹಲಗೆಗಳನ್ನು ಅಂಗಳಕ್ಕೆ ತಂದು ಹಾಕಿದ. ಮಡಚುವ ಮೇಜು, ಬಿಚ್ಚಿದರೆ ಕಪಾಟಾಗುವ ಪೆಟ್ಟಿಗೆ, ಒಂದರೊಳಗೊಂದು ಕೂರುವ ಡಬ್ಬಿಗಳು. ಅವನನ್ನು ನೋಡಿ ಉಳಿದವರಿಗೂ ಹುಚ್ಚು ಹತ್ತಿತು. ದೀಪಿಕಾ ಹಳೇ ಸೀರೆ ಹರಿದು ಪರದೆ ಹೊಲಿಯತೊಡಗಿದಳು. ಧನ್ಯಶ್ರೀ ಬಿಸ್ಕೀಟಿನ ಡಬ್ಬಿಗಳಿಗೆ ಬಣ್ಣ ಬಳಿದು, ಸಾಸಿವೆಯ ಡಬ್ಬಿಗೆ ತಾರ್ಲೆ, ಮೆಣಸಿನ ಡಬ್ಬಿಗೆ ಬಂಗಡೆ ಮೀನಿನ ಚಿತ್ರ ಬರೆದಳು. ಮನೆಯಲ್ಲಿ ಕಾಲಿಟ್ಟಲ್ಲಿ ಮೊಳೆ, ಕೈಯಿಟ್ಟಲ್ಲಿ ಗೋಂದು.

ಒಂದು ಮಧ್ಯಾಹ್ನ ಗಂಗೆ ಅನ್ನಕ್ಕೆ ಮೀನು ಪಳದಿ ಬಡಿಸುತ್ತ ಸೌಟನ್ನು ಎತ್ತಿ ಹಿಡಿದಳು. "ಇದೆಂತ ತೇಲೂದು?"

"ಕೊತ್ತಂಬರಿ" ಎಂದ ಸುಧಾಕರ.

"ಕೊತ್ತಂಬರಿ ಅಂತೆ! ಮರದ ಹೊಟ್ಟು ಮಾರಾಯ. ಇನ್ನು ಮೀನೆಂತಕ್ಕೆ, ಹಲಗೆನೇ ಬೇಯಿಸಿ ಹಾಕ್ತೆ."

"ಅಪ್ಪ, ನನ್ ಬಟ್ಲಲ್ಲಿ ಒಂದು ಸ್ಕ್ರೂ ಅದೆ" ಎಂದಳು ಧನ್ಯಶ್ರೀ.

"ಕೊಡು ಇತ್ಲಾಗೆ! ಬೆಳಿಗ್ಗಿಂದ ಹುಡುಕ್ತಾ ಇದ್ದೆ" ಎಂದು ಸುಧಾಕರ ಸ್ಕ್ರೂವನ್ನು ಚೀಪಿ ಕಿಸೆಗೆ ಹಾಕಿಕೊಂಡ. ದೀಪಿಕಾ ನಕ್ಕೂ ನಕ್ಕೂ ನೀರು ನೆತ್ತಿಗೆ ಹತ್ತಿಸಿಕೊಂಡಳು.

ಎಲ್ಲಕ್ಕಿಂತ ದೊಡ್ಡ ಗಲಾಟೆಯಾದದ್ದು ಒಣಮೀನಿನ ಪೆಟ್ಟಿಗೆಯದು. ಜೋಧಪುರದಲ್ಲಿ ಮೀನು ಎಲ್ಲಿಂದ ತರುವುದು? ಒಯ್ಯಬೇಕು. ಒಯ್ದರೆ ರೈಲಿನಲ್ಲಿ ಪಕ್ಕದವರು ಚೈನು ಎಳೆದು ಇಳಿಸುತ್ತಾರೆ. ಸುಧಾಕರ ಯೋಚನೆ ಮಾಡಿ ಪೆಟ್ಟಿಗೆಯ ಸಂದಿಗಳಿಗೆ ದೋಣಿಗೆ ತುಂಬುವಂತೆಯೇ ಎಣ್ಣೆಯಲ್ಲಿ ಅದ್ದಿದ ಹತ್ತಿ ತುಂಬಿದ. "ಇಷ್ಟು ವರ್ಷ ನೀರು ಒಳಗೆ ಬರದ ಹಂಗೆ ಮಾಡಿದೆ. ಈಗ ವಾಸನೆ ಹೊರಗೆ ಹೋಗದ ಹಂಗೆ ಮಾಡೂದು. ವಿದ್ಯೆ ಒಂದೇ" ಎಂದ. ಪರೀಕ್ಷೆಗೆ ಗಂಗೆ ಒಣ ಶೆಟ್ಲಿ ಸಿಗಡಿ ತುಂಬಿಕೊಟ್ಟಳು. ಅಂಗಳದಲ್ಲಿಟ್ಟು ಮುಚ್ಚಳ ಹಾಕಿ ಈಚೆ ಬರುವಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಬಂದು ಪೆಟ್ಟಿಗೆಯ ಮೇಲೆ ಕೂತು, ಅಪ್ಪನ ಮನೆ ಆಸ್ತಿ ಎಂಬಂತೆ ಬಾಲ ಸುತ್ತಿಕೊಂಡಿತು.

"ಫೇಲು!" ಎಂದು ಧನ್ಯಶ್ರೀ ಚಪ್ಪಾಳೆ ಹೊಡೆದಳು. ಸುಧಾಕರ ಮತ್ತೆ ಹತ್ತಿ ಬಿಚ್ಚಿದ.

ಗಂಗೆಯೂ ನಕ್ಕಳು. ಆದರೆ ಅವಳ ನಗು ಗಂಟಲಿನ ಮೇಲಿನದು. ಒಳಗೆ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಿದೆ, "ಅಮ್ಮಾ, ನೀನೂ ಬಾ" ಎಂದು ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಮಗ ಹೇಳಲಿಲ್ಲ, ಸೊಸೆ ಹೇಳಲಿಲ್ಲ. ಧನ್ಯಶ್ರೀಗೆ ಓದಲು ಮಡಚುವ ಮೇಜಾಯಿತು, ದೀಪಿಕಾಳಿಗೆ ಕಪಾಟಾಯಿತು, ಮೀನಿಗೂ ಒಂದು ಪೆಟ್ಟಿಗೆಯಾಯಿತು. ತನಗೆಂದು ಒಂದು ಚೂರು ಹಲಗೆಯನ್ನೂ ಯಾರೂ ಎತ್ತಿಡಲಿಲ್ಲ. ಮನೆಗೆ ತನ್ನ ಜೊತೆ ಮೀನು ಮಾರುವ ಲಕ್ಕಿಯ ಮಗ-ಸೊಸೆ ಬಂದು ಇರುವುದೆಂದು ಬೇರೆ ಮಾತಾಗಿತ್ತು. ಹಾಗಾದರೆ ತಾನೆಲ್ಲಿ? ಶಿರಾಲಿಯಲ್ಲಿ ಮಗಳು ಸುಮಿತ ಇದ್ದಾಳೆ, ಅಲ್ಲಿಗೆ ಕಳಿಸುವ ಯೋಚನೆಯೇ ಇರಬೇಕು ಎಂದುಕೊಂಡಳು. ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೌದು, ಕೇಳಬಹುದಿತ್ತು. ಇಡೀ ಬಂದರಿನಲ್ಲಿ ಮೀನಿನ ದರಕ್ಕೆ ಜಗಳವಾಡುವ ಹೆಂಗಸಿಗೆ ಈ ಒಂದು ಮಾತು ಬಾಯಿಗೆ ಬರಲಿಲ್ಲ. ಕರೆಯದೆ ಮದುವೆ ಮನೆಗೇ ಹೋಗದವಳು ಮಗನ ಹಿಂದೆ ಹೇಗೆ ಹೋದಾಳು?

ಗಂಗೆ ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ಬಸ್ಸಿನಲ್ಲಿ ಹಳದೀಪುರಕ್ಕೆ ಹೋಗಿ ಮನೆ ಮನೆಗೆ ಮಾರುವವಳು. ಅಲ್ಲಿ ಅವಳಿಗೆ ವರ್ತನೆಯ ಮನೆಗಳಿದ್ದವು. ಆ ಮನೆಯವರು ಬೇರೆಯವರ ಹತ್ತಿರ ಮೀನು ಕೊಳ್ಳುವುದಿಲ್ಲ, ಅವಳೂ ಅವರಿಗೆ ಹಳಸಿದ್ದು ಕೊಡುವುದಿಲ್ಲ. ಜೊತೆಗೆ ಬುಟ್ಟಿ ಹೊರುವ ಲಕ್ಕಿ ಒಂದು ದಿನ ಬಸ್ಸಿನಲ್ಲಿ ಕೇಳಿದಳು:

"ಗಂಗಕ್ಕಾ, ನೀ ಹೋದ್ಮೇಲೆ ನಿನ್ನ ವರ್ತನೆ ಮನೆ ಯಾರಿಗೆ ಕೊಡ್ತೆ?"

"ನಾ ಎಲ್ಲಿ ಹೋಗ್ತೆ?"

"ಮಗನ ಒಟ್ಟಿಗೆ ಹೋಗೂದಿಲ್ಯಾ?"

"ಅಲ್ಲಿ ನಾ ಎಂತ ಮಾಡೂದು ಲಕ್ಕಿ? ಸಮುದ್ರ ಇಲ್ಲ, ಮೀನಿಲ್ಲ. ಕೂತು ತಿಂದು ನಂಗೆ ರೂಢಿ ಇಲ್ಲ" ಎಂದಳು ಗಂಗೆ. ಕರೆದಿಲ್ಲ ಎಂದು ಹೇಳಲಿಲ್ಲ. ಅದನ್ನು ಹೇಳಿದರೆ ಮಗನ ಮರ್ಯಾದೆ ಹೋಗುತ್ತದಲ್ಲ.

ಇನ್ನು ಮಗನ ಕಡೆಯದನ್ನೂ ಹೇಳಿಬಿಡುತ್ತೇನೆ. ತಾಯಿ ಬರುತ್ತಾಳೋ ಇಲ್ಲವೋ ಎಂಬ ಪ್ರಶ್ನೆ ಆ ಬಡ್ಡಿಮಗನ ತಲೆಗೆ ಬಂದೇ ಇರಲಿಲ್ಲ. ತನ್ನ ಕೈಕಾಲನ್ನು 'ನೀವೂ ಬನ್ನಿ' ಎಂದು ಯಾರು ಕರೆಯುತ್ತಾರೆ? ಅಷ್ಟು ಸಹಜವಾಗಿ ಅವನು ಅವಳನ್ನು ಲೆಕ್ಕಕ್ಕೆ ಹಿಡಿದಿದ್ದ. ಅವನ ಚಿಂತೆಯೇ ಬೇರೆ. ಗಂಗೆಗೆ ಮೊಣಕಾಲು ನೋವು. ನೆಲದ ಮೇಲೆ ಮಲಗಿದರೆ ಏಳುವಾಗ ಗೋಡೆ ಹಿಡಿಯಬೇಕು. ಜೋಧಪುರದ ಚಳಿಗೆ ಕಲ್ಲಿನ ನೆಲ ಇನ್ನೂ ಕಷ್ಟ ಎಂದು ದೀಪಿಕಾ ಹೇಳಿದ್ದಳು. ಅದಕ್ಕೇ ಅವನು ಇದ್ದದ್ದರಲ್ಲಿ ಒಳ್ಳೆಯ ಹಲಗೆಗಳನ್ನು, ಅಪ್ಪನ ದೋಣಿಯ ಹಲಗೆಗಳನ್ನು, ಮುಟ್ಟದೆ ಮನೆಯ ಹಿಂದೆ ಎತ್ತಿಟ್ಟಿದ್ದ. ಅಮ್ಮನಿಗೊಂದು ಮಡಚುವ ಮಂಚ. ಮೊದಲೇ ಹೇಳಿದರೆ "ನಂಗೆಂತಕ್ಕೆ ಮಂಚ, ನಾನೇನು ಬಾಣಂತಿಯಾ" ಎನ್ನುತ್ತಾಳೆ. ಮಾಡಿ ಮುಗಿಸಿಯೇ ತೋರಿಸುವುದು ಎಂದು ಗುಟ್ಟಾಗಿಟ್ಟ.

ಮಂಚಕ್ಕೆ ಅಳತೆ ಬೇಕು. ಮನೆಯಲ್ಲಿ ಟೇಪು ಇದ್ದರೂ ಅವನ ಕೈ ಅಭ್ಯಾಸ ಹಗ್ಗದ್ದು. ದೋಣಿಯ ಯಾವ ಅಳತೆಯಾದರೂ ಬಲೆಯ ಹಗ್ಗ ಹಿಡಿದು ಗಂಟು ಹಾಕಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಗಂಗೆ ಹಳದೀಪುರದಿಂದ ಬಂದು, ಉಂಡು, ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದ್ದಳು. ಸುಧಾಕರ ಮೆಲ್ಲಗೆ ಹಗ್ಗ ತಂದು ಅವಳ ಹಿಮ್ಮಡಿಯ ಹತ್ತಿರ ಒಂದು ತುದಿ ಒತ್ತಿ ಹಿಡಿದು, ಇನ್ನೊಂದನ್ನು ತಲೆಯ ಕಡೆಗೆ ಎಳೆದ. ಗಂಟು ಹಾಕಲು ಬಗ್ಗಿದ. ಹಗ್ಗ ಹಣೆಗೆ ತಾಗಿತು. ಗಂಗೆ ಕಣ್ಣು ಬಿಟ್ಟಳು.

ಮಗನ ಮುಖ ಕಂಡಿತು, ಕೈಯಲ್ಲಿ ಹಗ್ಗ ಕಂಡಿತು, ಕಾಲಿನಿಂದ ತಲೆಯವರೆಗೆ ಚಾಚಿದ್ದು ಕಂಡಿತು.

ಆ ಕೂಗು ಬಂದರಿನವರೆಗೂ ಕೇಳಿರಬೇಕು. "ಅಯ್ಯಯ್ಯೋ! ನನ್ನ ಚಟ್ಟಕ್ಕೆ ಅಳತೆ ತಕಂಡ್ಯಾ! ಹೆತ್ತ ಹೊಟ್ಟೆಗೆ ಬೆಂಕಿ ಬಿತ್ತಲ್ಲೋ!"

ನಮ್ಮ ಕಡೆ ಮಲಗಿದವರನ್ನು ಅಳೆಯುವುದಿಲ್ಲ. ಮಕ್ಕಳನ್ನು ಕೂಡ ಗೋಡೆಗೆ ನಿಲ್ಲಿಸಿಯೇ ಅಳೆಯುತ್ತಾರೆ. ಕಾಲಿನಿಂದ ತಲೆಯವರೆಗೆ ಹಗ್ಗ ಹಿಡಿಯುವುದು ಒಮ್ಮೆಯೇ, ಬಿದಿರು ಕಡಿಯುವ ಮೊದಲು. ಅದು ಸುಧಾಕರನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮಂಚದ ಗುಂಗಿನಲ್ಲಿ ಅವನಿಗೆ ತಾಯಿಯೂ ಒಂದು ಉದ್ದವಾಗಿ ಕಂಡಳಷ್ಟೇ. ಈಗ ಹಗ್ಗವನ್ನು ಹಾವಿನಂತೆ ಎಸೆದು "ಅಮ್ಮಾ, ಮಂಚಕ್ಕೆ ಅಮ್ಮಾ! ಮಂಚಕ್ಕೆ!" ಎಂದು ತೊದಲಿದ.

"ಎಂತಾ ಮಂಚ?"

"ನಿಂಗೇ. ಜೋಧಪುರಕ್ಕೆ. ಮಡಚೂ ಮಂಚ."

ಅಡುಗೆಮನೆಯಿಂದ ದೀಪಿಕಾ ಓಡಿ ಬಂದಳು. ಧನ್ಯಶ್ರೀ ಬಣ್ಣದ ಕೈಯಲ್ಲೇ ಬಂದು ನಿಂತಳು. ಗಂಗೆ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ವಿಷಯ ತಿಳಿದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಒತ್ತಿ ಇಟ್ಟದ್ದೆಲ್ಲ ಹೊರಗೆ ಬಂತು.

"ಜೋಧಪುರಕ್ಕೆ ನಾ ಬತ್ತೆ ಅಂದೇಳಿ ನಿಂಗೆ ಯಾರು ಹೇಳಿದ್ರು? ನನ್ನ ಕೇಳಿದ್ಯಾ? ಮೇಜು ಕಟ್ಟು, ಡಬ್ಬಿ ಕಟ್ಟು, ಅಮ್ಮನ್ನೂ ಕಟ್ಟು. ನಾನೂ ಒಂದು ಸಾಮಾನಾ ನಿಂಗೆ?"

"ಅಲ್ಲಮ್ಮಾ, ನೀ ಬರದೆ ಮತ್ತೆಲ್ಲಿಗೆ ಹೋಗ್ತೆ?"

"ನಂಗೆ ಹೋಗೂಕೆ ಜಾಗ ಇಲ್ಲ ಅಂದ್ಯಾ? ಶಿರಾಲಿಲಿ ನನ್ನ ಮಗಳು ಅದೆ!"

ಕರೆಯದಿದ್ದರೆ ಬೇಜಾರು, ಒಯ್ಯುತ್ತೇನೆ ಎಂದರೆ ಸಿಟ್ಟು. ಇಂಥವರಿಗೆ ಏನು ಹೇಳುವುದು? ಸುಧಾಕರನಿಗೂ ಮೂಗಿನ ಮೇಲೆ ಕೋಪ. ಹಿತ್ತಲಲ್ಲಿ ಮಂಚಕ್ಕೆಂದು ಎತ್ತಿಟ್ಟಿದ್ದ ಹಲಗೆಗಳನ್ನು ಎಳೆದು ತೆಂಗಿನ ಮರಕ್ಕೆ ಒರಗಿಸಿ, "ಯಾರಿಗೆ ಬೇಡವೋ ಅವರಿಗೆ ಬೇಡ" ಎಂದು ಉಳಿ ಒಗೆದು ಬಂದರಿಗೆ ಹೋದ. ದೀಪಿಕಾ ಏನೋ ಹೇಳಲು ಬಾಯಿ ತೆರೆದಳು. ಗಂಗೆ ಆಗಲೇ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

ಶಿರಾಲಿಯಲ್ಲಿ ಸುಮಿತ ತಾಯಿಯನ್ನು ಕಂಡು ಕುಣಿದಾಡಿದಳು. ಸುಳ್ಳಲ್ಲ, ನಿಜವಾದ ಸಂತೋಷ. ಬೀಗಿತ್ತಿ ಒಳಗಿನಿಂದ ಕುರ್ಚಿ ತಂದಳು. ಊಟಕ್ಕೆ ನೆಂಟರು ಬಂದಾಗ ತೆಗೆಯುವ ದೊಡ್ಡ ತಟ್ಟೆ, ಹಪ್ಪಳ, ಮತ್ತೆ ಮತ್ತೆ ಉಪಚಾರ. ಗಂಗೆ ಪೊರಕೆ ಹಿಡಿದರೆ ಸುಮಿತ ಕಸಿದುಕೊಂಡಳು. ನೊಗಲಿ ಮೀನು ತಂದಾಗ ಗಂಗೆ ಕೊಯ್ಯಲು ಕೂತರೆ ಬೀಗಿತ್ತಿ ಕೈ ಹಿಡಿದು ಎಬ್ಬಿಸಿದಳು.

"ಛೇ ಛೇ, ನೀವು ನಮ್ಮನಿಗೆ ಬಂದು ಮೀನು ಕೊಯ್ಯೂದಾ? ಜನ ಎಂತ ಹೇಳ್ತರು? ಕೂತ್ಕಣಿ ನೀವು."

ಕೂತಳು. ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿಯಿತು. ಬೆಳಿಗ್ಗೆ ಎದ್ದರೆ ಬಂದರಿಲ್ಲ, ಬಸ್ಸಿಲ್ಲ, ಬೈಯಲು ಒಬ್ಬ ಮನುಷ್ಯನಿಲ್ಲ. ಪಳದಿಯಲ್ಲಿ ಹೊಟ್ಟೂ ಇಲ್ಲ. ಸುಮಿತ ಬೀಸಣಿಗೆ ತಂದು ಕೊಟ್ಟು, "ಅಮ್ಮಾ, ಇಲ್ಲೇ ಇದ್ಬಿಡು, ನಿನ್ನ ಹೂವಿನ ಹಂಗೆ ನೋಡ್ಕಂತೆ" ಎಂದಳು.

"ಹೌದು ಮಗಾ, ನೋಡ್ಕಂತೆ ನೀನು. ನಂಗೆ ಗೊತ್ತದೆ" ಎಂದು ಗಂಗೆ ಅವಳ ತಲೆ ಸವರಿದಳು. ಮರುದಿನ ಬೆಳಿಗ್ಗೆ "ಹಳದೀಪುರದಲ್ಲಿ ವರ್ತನೆ ಮನೆಯವರು ಕಾಯ್ತರು" ಎಂದು ನೆಪ ಹೇಳಿ ಹೊನ್ನಾವರದ ಬಸ್ಸು ಹತ್ತಿದಳು.

ಇತ್ತ ಹೊನ್ನಾವರದ ಮನೆ ಅಷ್ಟು ದಿನವೂ ಚೊಕ್ಕಟವಾಗಿತ್ತು. ಹಲಗೆ ಕುಯ್ಯುವ ಸದ್ದಿಲ್ಲ, ಗೋಂದಿಲ್ಲ, ಅನ್ನದಲ್ಲಿ ಸ್ಕ್ರೂ ಇಲ್ಲ. ಯಾರಿಗೂ ಊಟ ಸೇರಲಿಲ್ಲ. ಮರಕ್ಕೆ ಒರಗಿಸಿದ ಹಲಗೆಗಳ ಮೇಲೆ ಧನ್ಯಶ್ರೀಯ ಯೂನಿಫಾರ್ಮು ಒಣಗುತ್ತಿತ್ತು.

ಗಂಗೆ ಅಂಗಳಕ್ಕೆ ಕಾಲಿಟ್ಟಾಗ ದೀಪಿಕಾ ಡ್ಯೂಟಿಯ ಬಟ್ಟೆಯಲ್ಲೇ ಹಿತ್ತಿಲ ಬಾಗಿಲಲ್ಲಿ ಕೂತು ಬಂಗಡೆ ಕೊಯ್ಯುತ್ತಿದ್ದಳು. ಆ ಮನೆಯಲ್ಲಿ ಮೀನು ಕೊಯ್ಯುವುದು ಗಂಗೆಯ ಕೆಲಸ. ಸೂಜಿ ಚುಚ್ಚುವುದರಲ್ಲಿ ಎತ್ತಿದ ಕೈಯಾದ ದೀಪಿಕಾ ಮೀನಿನ ಜೊತೆಗೆ ಹೆಬ್ಬೆರಳನ್ನೂ ಕೊಯ್ದುಕೊಂಡು ಚಿಂದಿ ಸುತ್ತಿಕೊಂಡಿದ್ದಳು. ಅತ್ತೆಯನ್ನು ಕಂಡವಳೇ ಬಂದ್ರಾ, ಕೂತ್ಕಣಿ, ಚಾ ಕುಡೀತ್ರಾ ಎಂದು ಒಂದೂ ಕೇಳಲಿಲ್ಲ. ಕತ್ತಿಯ ಮಣೆಯನ್ನು ಅವಳತ್ತ ತಳ್ಳಿದಳು.

"ಹಿಡೀರಿ ಇದನ್ನ. ನಂಗೆ ಮಧ್ಯಾಹ್ನದ ಡ್ಯೂಟಿಗೆ ಹೊತ್ತಾಗ್ತದೆ. ಎಲ್ಲಿಗೆ ಹೋಗಿ ಕೂತಿದ್ರಿ ನೀವು?"

"ಮಗಳ ಮನೆಗೆ ಹೋಗೂಕೆ ನಿನ್ನ ಕೇಳ್ಬೇಕಾ?"

"ಕೇಳ್ಬೇಕು! ಧನ್ಯ ದಿನಾ ಶಾಲೆಯಿಂದ ಬಂದು ಬಾಗಿಲಲ್ಲಿ ಕೂರ್ತದೆ. ಇವ್ರು ನೆಟ್ಟಗೆ ಉಣ್ಣೂದಿಲ್ಲ. ನನ್ನ ಕೈ ನೋಡಿ ಎಂತಾಗದೆ. ಅಲ್ಲಿ ಹೋದ್ರೆ ನಂಗೆ ಒಂದು ದಿನ ಹಗಲು, ಒಂದು ದಿನ ರಾತ್ರಿ ಪಾಳಿ. ಮಗು ಬಂದಾಗ ಬಾಗಿಲು ತೆಗಿಯೂದು ಯಾರು? ನನ್ನ ಹಿಂದಿ ಪರೀಕ್ಷೆ ಬರಿಯೂಕಷ್ಟೇ ಬತ್ತದೆ, ನೀವು ಭಟ್ಕಳ ಪೇಟೆಲಿ ಹಿಂದಿಲೇ ಜಗಳ ಮಾಡಿದವರು. ನೀವು ಬತ್ರಿ ಅಂದೇಳಿ ತಾನೇ ನಾನು ಆ ಕೆಲ್ಸಕ್ಕೆ ಹೂಂ ಅಂದದ್ದು?"

"ಹಂಗಂದೇಳಿ ನಂಗೆ ಯಾರು ಹೇಳಿದ್ರು? ಒಂದು ಮಾತು ಕರೆದ್ರಾ ನೀವು?"

ದೀಪಿಕಾಳ ಸಿಟ್ಟು ಅಲ್ಲಿಗೆ ಒಡೆಯಿತು. ಕಣ್ಣಲ್ಲಿ ನೀರು ತುಂಬಿತು. "ನಾನು ಕುಮಟೆಯಿಂದ ಈ ಮನೆಗೆ ಬಂದ ಮರುದಿನ ನೀವು ನಂಗೆ ಇಡ್ಲಿ ಹಿಟ್ಟು ರುಬ್ಬು ಅಂದ್ರಿ. ಹೊಸ ಮದಿಮಗಳು ಅಂದೇಳಿ ಒಂದು ಗಳಿಗೆ ಕೂರಿಸ್ಲಿಲ್ಲ. ಆವತ್ತು ಬೇಜಾರಾಗಿತ್ತು. ಆಮೇಲೆ ಗೊತ್ತಾತು, ನೀವು ನನ್ನ ನೆಂಟರ ಲೆಕ್ಕಕ್ಕೆ ಹಿಡೀಲಿಲ್ಲ ಅಂದೇಳಿ. ನಾನು ಮಾತ್ರ ಈಗ ನಿಮ್ಮನ್ನ ನೆಂಟರ ಹಂಗೆ ಕರೀಬೇಕಾ ಅತ್ತೆ? ನಂಗೆ ಆ ಊರಂದ್ರೆ ಹೆದ್ರಿಕೆ ಆಗ್ತದೆ. ನೀವಿಲ್ದೆ ನಾ ಹೋಗೂದಿಲ್ಲ."

ಗಂಗೆ ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತು ಬಂಗಡೆಯೊಂದನ್ನು ಕೈಗೆತ್ತಿಕೊಂಡಳು. "ಹಿಂಗಾ ಮೀನು ಕೊಯ್ಯೂದು? ಅರ್ಧ ಮಾಂಸ ಬೆಕ್ಕಿಗೆ ಹೋತು" ಎಂದಳು. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬೆರಳಿಗೆ ಅರಿಶಿನ ಹಾಕ್ಕ ಹೋಗು" ಎಂದಳು.

ಮಧ್ಯಾಹ್ನ ಸುಧಾಕರ ಬಂದರಿನಿಂದ ಬಂದಾಗ ತಾಯಿ ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಮೂರು ಸಲ ಅನ್ನ ಹಾಕಿಸಿಕೊಂಡ. ಕೈ ತೊಳೆದು ಬರುವಷ್ಟರಲ್ಲಿ ಗಂಗೆ ಚಾವಡಿಯ ಮಧ್ಯದಲ್ಲಿ ಚಾಪೆ ಹಾಸಿ, ಅಂಗಾತ ಮಲಗಿ, ಕಣ್ಣು ಅರಳಿಸಿ ಮನೆಯ ಸೂರು ನೋಡುತ್ತಿದ್ದಳು.

"ಹಗ್ಗ ತಾ" ಎಂದಳು.

ಸುಧಾಕರ ಗಾಬರಿಯಾದ. "ಬೇಡ ಅಮ್ಮ. ಅಂದಾಜಿಗೆ ಮಾಡ್ತೆ. ಮಲಗಿದವ್ರನ್ನ ಅಳೀಬಾರ್ದು."

"ಕಣ್ಣು ಮುಚ್ಚಿದವ್ರನ್ನ ಅಳೀಬಾರ್ದು. ನಾ ಬಿಟ್ಕಂಡೇ ಇದ್ದೆ. ಬದುಕಿದವಳ ಅಳತೆ ತಕ. ಇಷ್ಟು ವರ್ಷಕ್ಕೆ ನನ್ನ ಮಗ ನಂಗೊಂದು ಮಂಚ ಮಾಡ್ತ, ಅದೂ ಅಂದಾಜಿಗಾ?"

ಅವನು ಹಗ್ಗ ತಂದ. ಕೂತ. ಹಿಮ್ಮಡಿಯ ಹತ್ತಿರ ತುದಿ ಒತ್ತಿ ಹಿಡಿದ. ಗಂಗೆ, ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳನ್ನು ನೋಡಿದಳು.

"ನೀ ಎಂತ ನೋಡ್ತೆ? ಬಾ ಇಲ್ಲಿ. ಅಲ್ಲಿ ಚಳಿಯಂತೆ, ನನ್ನ ಬಗಲಲ್ಲೇ ಮಲಗೂದು ನೀನು." ಧನ್ಯಶ್ರೀ ಓಡಿ ಬಂದು ಅಜ್ಜಿಯ ತೋಳಿನೊಳಗೆ ಸೇರಿಕೊಂಡಳು. "ಅಗಲ ಇಬ್ಬರದ್ದು ಹಿಡಿ ಸುಧಾಕರ. ಇದು ನಾಳೆ ಉದ್ದ ಆಗ್ತದೆ, ಮೇಲಿಂದ ಒಂದು ಗೇಣು ಹೆಚ್ಚಿಗೆ ಇಡು."

"ಅಷ್ಟು ದೊಡ್ಡದಾದ್ರೆ ರೈಲಿನ ಸೀಟಿನ ಅಡಿ ಹೋಗೂದಿಲ್ಲ ಅಮ್ಮ."

"ದೋಣಿ ಮಾಡಿದವ ಅಲ್ದಾ ನೀನು? ಹೋಗೂ ಹಂಗೆ ಮಾಡು. ಆ ಸ್ಟೂಲಿನ ಕಾಲೂ ಹಾಕು, ಅದನ್ನ ಲಕ್ಕಿಗೆ ಕೊಡ್ತೆ. ವರ್ತನೆ ಮನೆಯೂ ಅವಳಿಗೇ."

ಬಾಗಿಲಿಗೆ ಒರಗಿದ್ದ ದೀಪಿಕಾಳಿಗೆ ಡ್ಯೂಟಿಗೆ ಹೊತ್ತಾದದ್ದು ಮರೆತೇಹೋಗಿತ್ತು. ಸುಧಾಕರ ಅಳೆಯುತ್ತಲೇ ಇದ್ದ. ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು, ಮತ್ತೆ ಸರಿಯಾಯಿತೋ ಇಲ್ಲವೋ ಎಂದು ಮತ್ತೊಮ್ಮೆ. ಬಸ್ಸಿನ ದಣಿವು, ಹೊಟ್ಟೆ ತುಂಬಿದ ಊಟ, ಬಗಲಲ್ಲಿ ಮೊಮ್ಮಗಳ ಬಿಸಿ. ಗಂಗೆಗೆ ರೆಪ್ಪೆ ಭಾರವಾಗತೊಡಗಿತು. ಧನ್ಯಶ್ರೀ ಬಣ್ಣ ಹತ್ತಿದ ಎರಡು ಬೆರಳಿನಿಂದ ಅಜ್ಜಿಯ ಕಣ್ಣನ್ನು ಮೆಲ್ಲಗೆ ಬಿಡಿಸಿ ಹಿಡಿದಳು.

"ಕಣ್ಣು ಮುಚ್ಬೇಡ ಅಜ್ಜಿ. ಅಪ್ಪ ಇನ್ನೂ ಅಳೀತಾ ಇದ್ದ."